ಗ್ಯಾಸ್ ಮಾತ್ರೆ ನೋಡಿ ಎದ್ದು ಹೋದ ಆ ಸಿಸ್ಟರ್‌ಗೆ

ನಮ್ಮಣ್ಣನಿಗೆ ಎಚ್‌ಐವಿ ಇದೆ. ಹೆಪಟೈಟಿಸ್ ಸಿ ಕೂಡ ಇದೆ ಅಂತ ಗೊತ್ತಾಗುವಷ್ಟರಲ್ಲಿ ಲಿವರ್ ಹಾಳಾಗಿ ಹೊಟ್ಟೆಯಲ್ಲಿ ನೀರು ತುಂಬಿತ್ತು. ಒಂದು ಕಡೆ ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರ, ಇನ್ನೊಂದು ಕಡೆ ಲಿವರ್ ವಿಭಾಗ. ಫೈಲ್ ಹಿಡಿದು ಓಡಾಡಿ ಸಾಕಾಗಿತ್ತು.

ಎಆರ್‌ಟಿ ಕೇಂದ್ರದ ಸಿಸ್ಟರ್ ಒಬ್ಬರು, "ಮನೇಲಿ ತಗೊಳ್ಳೋ ಮಾತ್ರೆ ಎಲ್ಲಾ ತೋರಿಸಮ್ಮಾ" ಅಂದರು. ಚೀಲವನ್ನೇ ಮೇಜಿನ ಮೇಲೆ ಸುರಿದೆ. ಒಂದೊಂದೇ ಶೀಟ್ ತಿರುಗಿಸಿ ಓದಿದರು. ಪ್ಯಾಂಟೊಪ್ರಜೋಲ್ ಹತ್ತಿರ ಅವರ ಕೈ ನಿಂತಿತು. ಸುಮ್ನೆ ಗ್ಯಾಸ್‌ಗೆ ಅಂತ ದಿನಾ ನುಂಗುತ್ತಿದ್ದ ಮಾತ್ರೆ ಅದು. ಅದು ಜೊತೆಗಿದ್ದರೆ ಹೆಪಟೈಟಿಸ್ ಸಿಗೆ ಕೊಡಲಿದ್ದ ಹೊಸ ಔಷಧಿಯಲ್ಲಿರುವ ವೆಲ್ಪಟಾಸ್ವಿರ್ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ಅಲ್ಲಿಯವರೆಗೆ ಯಾರೂ ಇದನ್ನು ಕೇಳಿರಲಿಲ್ಲ.

ಅಣ್ಣನನ್ನು ಫ್ಯಾನ್ ಕೆಳಗೆ ಕೂರಿಸಿ, ಫೈಲ್ ತಗೊಂಡು ಅವರೇ ಲಿವರ್ ಡಾಕ್ಟರ ಹತ್ತಿರ ಹೋಗಿಬಂದರು. ನಾನು ಆವತ್ತು ಮೊದಲ ಸಲ ಕೂತು ಟೀ ಕುಡಿದೆ.

ಸೊಫೋಸ್ಬುವಿರ್, ವೆಲ್ಪಟಾಸ್ವಿರ್, ರಿಬಾವಿರಿನ್, ಒಟ್ಟು 12 ವಾರ. ಸರ್ಕಾರದ ಕಾರ್ಯಕ್ರಮದಲ್ಲಿ ಉಚಿತವಾಗಿಯೇ ಸಿಕ್ಕಿತು. ರಿಬಾವಿರಿನ್‌ನಿಂದ ರಕ್ತ ಕಡಿಮೆಯಾಗಬಹುದು ಅಂತ, "ಹಿಮೋಗ್ಲೋಬಿನ್ ಎಷ್ಟಿದೆ?" ಎಂದು ಸಿಸ್ಟರೇ ಫೋನ್ ಮಾಡಿ ಕೇಳುತ್ತಿದ್ದರು.

ಔಷಧಿ ಮುಗಿದು 12 ವಾರಕ್ಕೆ ಮತ್ತೆ ಪರೀಕ್ಷೆ ಆಯಿತು. ರಕ್ತದಲ್ಲಿ ಹೆಪಟೈಟಿಸ್ ಸಿ ವೈರಸ್ ಇಲ್ಲ. ರಿಪೋರ್ಟ್ ತೋರಿಸಲು ಹೋದಾಗ ಅವರಿಗೆ ವರ್ಗಾವಣೆಯಾಗಿತ್ತು. ಸಿಸ್ಟರ್, ಅಣ್ಣ ಈಗ ಚೆನ್ನಾಗಿ ಊಟ ಮಾಡುತ್ತಾನೆ. ನಿಮಗೆ ತುಂಬಾ ಥ್ಯಾಂಕ್ಸ್.