ಕಬ್ಬಿನ ಬಾಕಿ ಕೊನೇ ಪಂಕ್ತಿಗೆ ಏಕೆ?

ಮಾನ್ಯ ಸಂಪಾದಕರೇ,

ಕಬ್ಬು ತೂಕವಾದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು, ಆಗಲೂ ಕೊಡದಿದ್ದರೆ ಜಿಲ್ಲಾಧಿಕಾರಿ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. 1966ರ ಕಬ್ಬು ನಿಯಂತ್ರಣ ಆದೇಶದ ಈ ಮೂರು ಮಾತು ಮಂಡ್ಯದ ಬೆಳೆಗಾರರಿಗೆ ಬಾಯಿಪಾಠ. ಕಾರ್ಖಾನೆ ನಡೆಸುವ ಕಂಪನಿಯ ಮೇಲಿನ ದಿವಾಳಿ ಅರ್ಜಿ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ ಅಂಗೀಕಾರವಾದ ದಿನ, ಅಲ್ಲಿವರೆಗಿನ ಬಾಕಿಯ ಮಟ್ಟಿಗೆ ಈ ಮೂರೂ ನಿಂತುಹೋಗುತ್ತವೆ ಎಂಬುದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. 2016ರ ದಿವಾಳಿ ಸಂಹಿತೆಯ ಸೆಕ್ಷನ್ 14ರ ಮೊರಟೋರಿಯಂ (ವಸೂಲಾತಿಗೆ ತಾತ್ಕಾಲಿಕ ತಡೆ) ಜಾರಿಗೆ ಬಂದರೆ ಜಿಲ್ಲಾಧಿಕಾರಿಯ ವಸೂಲಾತಿಯೂ ಮುಂದೆ ಸಾಗದು. ಸೆಕ್ಷನ್ 238 ಈ ಸಂಹಿತೆಗೆ ಬೇರೆ ಕಾನೂನುಗಳ ಮೇಲೆ ಮೇಲುಗೈ ಕೊಟ್ಟಿದೆ.

ಮೊರಟೋರಿಯಂ ರಕ್ಷಿಸುವುದು ಕಂಪನಿಯನ್ನು, ರೈತನನ್ನಲ್ಲ. ಸೊಸೈಟಿಯಲ್ಲಿ ಅವನು ತಂದ ಬೆಳೆ ಸಾಲದ ಗಡುವು ಹಾಗೇ ಇರುತ್ತದೆ. ರಾಜ್ಯದಲ್ಲಿ 5 ಲಕ್ಷ ರೂಪಾಯಿವರೆಗಿನ ಬೆಳೆ ಸಾಲಕ್ಕೆ ಬಡ್ಡಿ ಇಲ್ಲ, ಆದರೆ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಕಬ್ಬಿನ ಹಣ ಸಿಕ್ಕಿಬಿದ್ದರೆ ಆ ಸೌಲಭ್ಯವೂ ಕೈತಪ್ಪುತ್ತದೆ.

ಕಂಪನಿ ಸಮಾಪನೆಗೆ, ಅಂದರೆ ಮುಚ್ಚುವ ಹಂತಕ್ಕೆ ಹೋದರೆ ಆಸ್ತಿ ಮಾರಿ ಬಂದ ಹಣ ಯಾರಿಗೆ ಮೊದಲು ಎಂಬುದನ್ನು ಸೆಕ್ಷನ್ 53 ಹೇಳುತ್ತದೆ. ಊಟದ ಪಂಕ್ತಿ ಇದ್ದ ಹಾಗೆ. ಮೊದಲಿಗೆ ಪ್ರಕ್ರಿಯೆಯ ಖರ್ಚು. ಎರಡನೆಯದರಲ್ಲಿ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ತಮ್ಮ ಅಡಮಾನವನ್ನು ಪ್ರಕ್ರಿಯೆಗೆ ಬಿಟ್ಟುಕೊಟ್ಟ ಬ್ಯಾಂಕುಗಳು, ಇಬ್ಬರೂ ಸಮಸಮ. ಆಮೇಲೆ ಇತರ ನೌಕರರ 12 ತಿಂಗಳ ಸಂಬಳ, ಅಡಮಾನವಿಲ್ಲದ ಹಣಕಾಸು ಸಾಲ, ಎರಡು ವರ್ಷದ ಸರ್ಕಾರಿ ಬಾಕಿ. ಇವರೆಲ್ಲ ಉಂಡೆದ್ದ ಮೇಲೆ ಆರನೆಯದಾಗಿ ‘ಉಳಿದ ಸಾಲಗಳು’. ಕಬ್ಬಿನ ಬಾಕಿ ಇರುವುದು ಅಲ್ಲಿ. ಅದರ ಹಿಂದೆ ಷೇರುದಾರರು ಮಾತ್ರ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಕಲ್ಪಿತ, ವಿಧಾನ ಕಾನೂನಿನದು. ಕಾರ್ಖಾನೆ ಮಾರಿ 100 ಕೋಟಿ ಬಂತು. ಖರ್ಚು 8 ಕೋಟಿ ಹೋಗಿ 92 ಉಳಿಯಿತು. ಬ್ಯಾಂಕಿಗೆ 150 ಕೋಟಿ, ಕಾರ್ಮಿಕರಿಗೆ 10 ಕೋಟಿ ಬಾಕಿ. ಇಬ್ಬರಿಗೂ ರೂಪಾಯಿಗೆ 57.5 ಪೈಸೆ ಸಿಕ್ಕಿತು, ಹಣ ಅಲ್ಲಿಗೆ ಮುಗಿಯಿತು. ರೈತರ 25 ಕೋಟಿಗೆ ಸೊನ್ನೆ. ಕಾರ್ಖಾನೆಯನ್ನು ಹೊಸ ಮಾಲೀಕ ತೆಗೆದುಕೊಂಡರೂ ಬಹಳ ವ್ಯತ್ಯಾಸವಿಲ್ಲ: ಸೆಕ್ಷನ್ 30ರ ಪ್ರಕಾರ ಅವನು ರೈತರಿಗೆ ಕೊಡಲೇಬೇಕಾದ ಕನಿಷ್ಠ ಮೊತ್ತವನ್ನೂ ಇದೇ ಪಂಕ್ತಿಯ ಲೆಕ್ಕದಲ್ಲೇ ಅಳೆಯುತ್ತಾರೆ.

ಬ್ಯಾಂಕು ಅಡಮಾನ ನೋಡಿ ಸಾಲ ಕೊಟ್ಟಿದೆ, ರೈತನ ಬಳಿ ಅಡಮಾನವೆಲ್ಲಿದೆ ಎಂದು ಕೇಳುವವರಿದ್ದಾರೆ. ಅವರು ಸಕ್ಕರೆ ಗೋದಾಮಿನ ಬಾಗಿಲು ನೋಡಬೇಕು. ಕಡಿದ ಕಬ್ಬನ್ನು ಇಟ್ಟುಕೊಳ್ಳಲು ಬರುವುದಿಲ್ಲ. ಒಂದೆರಡು ದಿನ ಬಿಸಿಲಿಗೆ ಬಿದ್ದರೆ ತೂಕವೂ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಹಾಗಾಗಿ ಅದು ಬಂದ ಹಾಗೇ ಗಾಣಕ್ಕೆ ಹೋಗಿ, ಮೂಟೆಯಾಗಿ ಗೋದಾಮು ಸೇರುತ್ತದೆ. ಆ ಮೂಟೆಗಳ ಮೇಲೆ ಬ್ಯಾಂಕಿನ ಸಾಲವಿರುತ್ತದೆ. ಅಂದರೆ ರೈತನ 14 ದಿನ ತುಂಬುವ ಮೊದಲೇ, ಅವನಿಗೆ ಬಿಡಿಗಾಸೂ ಕೊಡದ ಸರಕು ಬ್ಯಾಂಕಿನ ಭದ್ರತೆಯಾಗಿರುತ್ತದೆ. ಬ್ಯಾಂಕು ಕಾರ್ಖಾನೆಯ ಬ್ಯಾಲೆನ್ಸ್ ಶೀಟು ನೋಡಿ ಸಾಲ ನಿರಾಕರಿಸಬಹುದು. ಕಾರ್ಖಾನೆಯ ಜೊತೆ ಒಪ್ಪಂದವಾಗಿ ಕಟಾವಿಗೆ ನಿಂತ ರೈತನಿಗೆ ಆ ಆಯ್ಕೆ ಎಲ್ಲಿದೆ? ಊರ ಆಲೆಮನೆಗಳು ಇಡೀ ಕಾರ್ಖಾನೆ ವ್ಯಾಪ್ತಿಯ ಕಬ್ಬನ್ನು ಅರೆಯಲಾರವು.

ಇನ್ನೊಂದು ವಿಚಿತ್ರವಿದೆ. ಅರ್ಜಿ ಅಂಗೀಕಾರವಾದ ಮೇಲೂ ಕಾರ್ಖಾನೆ ಓಡುತ್ತಿದ್ದರೆ, ಆಗ ಸರಬರಾಜಾದ ಕಬ್ಬಿನ ಹಣ ‘ಪ್ರಕ್ರಿಯೆಯ ಖರ್ಚು’ ಆಗಿ ಮೊದಲ ಪಂಕ್ತಿಗೆ ಏರುತ್ತದೆ. ಒಂದೇ ಗದ್ದೆ, ಒಂದೇ ಗಾಡಿ. ಸೋಮವಾರದ ತೂಕದ ಚೀಟಿ ಆರನೇ ಪಂಕ್ತಿಯಲ್ಲಿ, ಅರ್ಜಿ ಅಂಗೀಕಾರವಾದ ಮಂಗಳವಾರದ ಮರುದಿನ ತೂಗಿದ ಚೀಟಿ ಮೊದಲನೆಯದರಲ್ಲಿ. ಆದ್ದರಿಂದ ಚೀಟಿಗಳನ್ನು ಈ ದಿನಾಂಕದ ಹಿಂದಿನವು, ಮುಂದಿನವು ಎಂದು ಬೇರೆ ಮಾಡಿ ಇಡಬೇಕು. ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿದರೆ ಮೇಲಿನ ಪಂಕ್ತಿಯ ಹಣವೂ ಕೆಳಗಿಳಿದು ಕೂರುವ ಅಪಾಯವಿದೆ.

ಕೊನೇ ಪಂಕ್ತಿಯಾದರೂ ಹೆಸರು ಬರೆಸಲೇಬೇಕು. ಸರಕು ಕೊಟ್ಟು ಹಣ ಬರಬೇಕಾದ ರೈತ ಕಾನೂನಿನ ಕಣ್ಣಲ್ಲಿ ‘ಕಾರ್ಯಾಚರಣೆ ಸಾಲದಾತ’. ತುಂಬಬೇಕಾದದ್ದು ನಮೂನೆ ಬಿ. ಸಮಾಪನೆ ಶುರುವಾದ ಮೇಲಾದರೆ ನಮೂನೆ ಸಿ. ಕೈಯಲ್ಲಿ, ಅಂಚೆಯಲ್ಲಿ ಅಥವಾ ಇ–ಮೇಲ್‌ನಲ್ಲಿ ದಿವಾಳಿ ಪ್ರಕ್ರಿಯೆ ನಡೆಸಲು ನೇಮಕವಾದ ಪರಿಹಾರ ಅಧಿಕಾರಿಗೆ, ನಮೂನೆ ಸಿ ಆದರೆ ಸಮಾಪಕರಿಗೆ ಕಳಿಸಬಹುದು. ಜೊತೆಗೆ ತೂಕದ ಚೀಟಿ, ಕಟಾವು ಆದೇಶ, ಬಿಲ್ಲು, ಕೊನೆಯ ಬಟವಾಡೆ ತೋರಿಸುವ ಪಾಸ್‌ಬುಕ್ ಪುಟ ಇರಲಿ. ತಪ್ಪುವುದು ಸಾಮಾನ್ಯವಾಗಿ ಇಲ್ಲಿ: ಪಹಣಿ ತೀರಿಕೊಂಡ ತಂದೆಯ ಹೆಸರಲ್ಲಿ, ಕಾರ್ಖಾನೆಯ ಬೆಳೆಗಾರ ಸಂಕೇತ ಅಣ್ಣನ ಹೆಸರಲ್ಲಿ, ಖಾತೆ ತಮ್ಮನ ಹೆಸರಲ್ಲಿ. ಥರ್ಮಲ್ ಕಾಗದದ ಚೀಟಿಯಾಗಿದ್ದರೆ ಅಕ್ಷರ ಮಾಸುತ್ತದೆ, ಅವತ್ತೇ ಜೆರಾಕ್ಸ್ ಮಾಡಿಸಿಡಬೇಕು. ಬಡ್ಡಿಯನ್ನಂತೂ ಬಹುಪಾಲು ಜನ ಬರೆಯುವುದೇ ಇಲ್ಲ. 2025–26ರ ಹಂಗಾಮಿನಲ್ಲಿ ಶೇ 9.5ಕ್ಕಿಂತ ಕಡಿಮೆ ಸಕ್ಕರೆ ಇಳುವರಿಯ ಕಾರ್ಖಾನೆಗೆ ಕೇಂದ್ರ ನಿಗದಿಪಡಿಸಿದ ಕನಿಷ್ಠ ಬೆಲೆಯಾದ ಎಫ್‌ಆರ್‌ಪಿ ಕ್ವಿಂಟಲಿಗೆ 329.05 ರೂಪಾಯಿ. 50 ಟನ್ನಿಗೆ 1,64,525 ರೂಪಾಯಿ. ಒಂದು ವರ್ಷ ತಡವಾದರೆ ಬಡ್ಡಿಯೇ ಸುಮಾರು 24,679 ರೂಪಾಯಿ. ಅರ್ಜಿ ಅಂಗೀಕಾರದ ದಿನದವರೆಗೆ ಅದನ್ನು ಕೇಳುವ ಹಕ್ಕಿದೆ.

ಎಲ್ಲರೂ ಬರೆಸಬೇಕು ಎನ್ನಲು ಕಾರಣವಿದೆ. ಕಂಪನಿಯ ಭವಿಷ್ಯ ತೀರ್ಮಾನಿಸುವ ಸಾಲದಾತರ ಸಮಿತಿಯಲ್ಲಿ ಮತ ಇರುವುದು ಬ್ಯಾಂಕುಗಳಂಥ ಹಣಕಾಸು ಸಾಲದಾತರಿಗೆ. ಕಾರ್ಯಾಚರಣೆ ಸಾಲದಾತರ ಒಟ್ಟು ಬಾಕಿ ಶೇ 10 ಮುಟ್ಟಿದರೆ ಅವರ ಪ್ರತಿನಿಧಿ ಸಭೆಯಲ್ಲಿ ಕೂರಬಹುದು, ಮತವಿಲ್ಲ. ಐನೂರು ಜನ ಅರ್ಜಿ ಹಾಕದಿದ್ದರೆ ಆ ಕುರ್ಚಿಯೂ ಸಿಗದೇ ಹೋಗಬಹುದು. ಕಂಪನಿಯನ್ನು ಹೊಸ ಮಾಲೀಕನಿಗೆ ಕೊಡುವ ಪರಿಹಾರ ಯೋಜನೆಗೆ ಒಪ್ಪಿಗೆ ಸಿಕ್ಕ ಮೇಲೆ ಅದರಲ್ಲಿಲ್ಲದ ಬಾಕಿ ಅಳಿಸಿಹೋಗುತ್ತದೆ ಎಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್ 13ರಂದು ಹೇಳಿಬಿಟ್ಟಿದೆ.

ಗಡುವು ಎಷ್ಟು? ಮಧ್ಯಂತರ ಪರಿಹಾರ ಅಧಿಕಾರಿಯ ನೇಮಕವಾಗಿ 14 ದಿನ. ಪ್ರಕಟಣೆ ಹೊರಡಿಸಲು ಅವರಿಗೆ 3 ದಿನ ಸಮಯವಿದೆ, ಹಾಗಾಗಿ ರೈತನಿಗೆ ಉಳಿಯುವುದು 11. ತಡವಾದ ಅರ್ಜಿಗೆ ದಿವಾಳಿ ಪ್ರಕ್ರಿಯೆ ಶುರುವಾಗಿ ಕನಿಷ್ಠ 90 ದಿನದವರೆಗೆ ಅವಕಾಶವಿದೆ, ತಡವಾದದ್ದಕ್ಕೆ ಕಾರಣ ಕೊಡಬೇಕು. ಪ್ರಕಟಣೆ ಬರುವುದು ಕಂಪನಿಯ ನೋಂದಾಯಿತ ಕಚೇರಿ ಮತ್ತು ಪ್ರಧಾನ ಕಚೇರಿ ಇರುವ ಊರಿನ ಪತ್ರಿಕೆಗಳಲ್ಲಿ. ಕಚೇರಿ ಹೊರರಾಜ್ಯದಲ್ಲಿದ್ದರೆ ಮಂಡ್ಯ ಆವೃತ್ತಿಯಲ್ಲಿ ಅಚ್ಚಾಗುವುದು ಆ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು.

ಇಲ್ಲಿ ನ್ಯಾಯಾಲಯಗಳ ಮಾಹಿತಿಗೆ ಸರ್ಕಾರ ಸುರಿಯುತ್ತಿರುವ ಹಣದ ಮಾತು ಬರುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಕೋರ್ಟುಗಳನ್ನು ಗಣಕೀಕರಿಸುವ ಇ–ಕೋರ್ಟ್ಸ್ ಮೂರನೇ ಹಂತಕ್ಕೆ ನಾಲ್ಕು ವರ್ಷಕ್ಕೆಂದು 7,210 ಕೋಟಿ ರೂಪಾಯಿ ಮಂಜೂರು ಮಾಡಿತು. ಕಡತ ಸ್ಕ್ಯಾನ್ ಮಾಡಿ ಕಾಪಿಡಲು ಅದರಲ್ಲಿ 2,038.40 ಕೋಟಿ, ಕೋರ್ಟಿನ ಕೆಲಸಕ್ಕೆ ಜನರಿಗೆ ನೆರವಾಗುವ ಇ–ಸೇವಾ ಕೇಂದ್ರಗಳಿಗೆ 394.48 ಕೋಟಿ. ಒಳ್ಳೆಯ ಕೆಲಸ, ಇದರಲ್ಲಿ ಎರಡು ಮಾತಿಲ್ಲ. ಮದ್ದೂರಿನ ಕೋರ್ಟಿನಲ್ಲಿರುವ ಬದುವಿನ ತಕರಾರಿನ 16 ಅಕ್ಷರದ ಸಿಎನ್‌ಆರ್ ಸಂಖ್ಯೆ ಒತ್ತಿದರೆ ಮುಂದಿನ ತಾರೀಕು ಮೊಬೈಲಿನಲ್ಲೇ ಕಾಣುತ್ತದೆ. ಆದರೆ ರೈತನ ವರ್ಷದ ದುಡಿಮೆ ತೀರ್ಮಾನವಾಗುವ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಈ ಜಾಲದಲ್ಲಿಲ್ಲ. ಅದು ಕಂಪನಿ ವ್ಯವಹಾರಗಳ ಸಚಿವಾಲಯದ ಕೆಳಗಿದೆ. ಇ–ಕೋರ್ಟ್ಸ್ ಹಣ ನ್ಯಾಯ ಇಲಾಖೆಯದು. ಪ್ರಕಟಣೆಗಳು ದಿವಾಳಿ ಮಂಡಳಿಯ ಜಾಲತಾಣದಲ್ಲಿ ಇರುತ್ತವೆ ನಿಜ, ಆದರೆ ಅವು ಕಂಪನಿಯ ಹೆಸರಿನಲ್ಲಿ ಇರುತ್ತವೆ. ನಮ್ಮ ರೈತರು ಕಾರ್ಖಾನೆಯನ್ನು ಗುರುತಿಸುವುದು ಊರಿನ ಹೆಸರಿನಿಂದ.

ಬೇಕಾದದ್ದು ದೊಡ್ಡ ತಂತ್ರಜ್ಞಾನವೇನಲ್ಲ. ಕಾರ್ಖಾನೆ ಇರುವ ತಾಲ್ಲೂಕು, ಅರ್ಜಿ ಅಂಗೀಕಾರವಾದ ದಿನ, ಅಧಿಕಾರಿಯ ಇ–ಮೇಲ್, ಬಾಕಿ ಕೋರಲು ಕೊನೆಯ ದಿನ: ಈ ನಾಲ್ಕು ಅಂಕಣ ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲಕ್ಕೆ ಸೇರಲಿ. ಮಂಡ್ಯ, ಮೈಸೂರಿನ ನ್ಯಾಯಾಲಯಗಳ ಇ–ಸೇವಾ ಕೇಂದ್ರದಲ್ಲೇ ನಮೂನೆ ಬಿ ಕನ್ನಡದಲ್ಲಿ ತುಂಬಿ ಕಳಿಸುವಂತಾಗಲಿ. ಪ್ರಕಟಣೆಯ ಪ್ರತಿ ಜಿಲ್ಲಾಧಿಕಾರಿಗೂ ಸಕ್ಕರೆ ಆಯುಕ್ತರಿಗೂ ಕಡ್ಡಾಯವಾಗಿ ಹೋಗಿ, ತೂಕದ ಮನೆಯ ಗೋಡೆಗೂ ಅಂಟಲಿ. ಕಂಪನಿಯ ಲೆಡ್ಜರಿನಲ್ಲೇ ಪ್ರತಿ ಬೆಳೆಗಾರನ ಬಾಕಿ ಇರುವಾಗ ಅದನ್ನೇ ಅರ್ಜಿ ಎಂದು ಪರಿಗಣಿಸುವುದು ಇನ್ನೂ ಒಳ್ಳೆಯದು.

ಪಂಕ್ತಿ ಬದಲಾಯಿಸುವುದು ರಾಜ್ಯದ ಕೈಯಲ್ಲಿಲ್ಲ. ವ್ಯಾಟ್ ಕಾಯ್ದೆಯ ಬಲದಿಂದ ಗುಜರಾತ್ ಸರ್ಕಾರಕ್ಕೆ ಭದ್ರತೆಯುಳ್ಳ ಸಾಲದಾತನ ಸ್ಥಾನವಿದೆ ಎಂದು ಸುಪ್ರೀಂ ಕೋರ್ಟ್ 2022ರ ರೇನ್‌ಬೋ ಪೇಪರ್ಸ್ ಪ್ರಕರಣದಲ್ಲಿ ಹೇಳಿದಾಗ, ಕಬ್ಬಿಗೂ ಹೀಗೇ ರಾಜ್ಯದ ಕಾಯ್ದೆಯಲ್ಲಿ ಮೊದಲ ಹಕ್ಕು ಬರೆಯಬಹುದು ಎಂಬ ಆಸೆ ಹುಟ್ಟಿತ್ತು. 2025ರ ಆಗಸ್ಟ್ 12ರಂದು ಲೋಕಸಭೆಯಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆ ಆ ದಾರಿಯನ್ನು ಮುಚ್ಚುವಂಥದ್ದು: ಒಪ್ಪಂದದಿಂದ ಹುಟ್ಟಿದ ಭದ್ರತೆಗೆ ಮಾತ್ರ ಬೆಲೆ, ಕಾನೂನಿನಿಂದ ತಾನಾಗಿ ಹುಟ್ಟಿದ್ದಕ್ಕೆ ಇಲ್ಲ ಎನ್ನುತ್ತದೆ ಅದು. ಆದ್ದರಿಂದ ಸೆಕ್ಷನ್ 53ರಲ್ಲೇ ‘ಕಬ್ಬಿನ ಬೆಲೆ’ ಎಂಬ ಪದ ಬರಬೇಕು, ಹಿಂದಿನ 24 ತಿಂಗಳ ಬಾಕಿಗಾದರೂ ಕಾರ್ಮಿಕರ ಪಕ್ಕದ ಎಲೆ ಸಿಗಬೇಕು. ಮೇಲಿನ ಲೆಕ್ಕದಲ್ಲಿ ಹಾಗೆ ಮಾಡಿದರೆ ರೈತರಿಗೆ ಸುಮಾರು 12.4 ಕೋಟಿ ಬರುತ್ತದೆ, ಬ್ಯಾಂಕಿನದು 86.25ರಿಂದ 74.6 ಕೋಟಿಗೆ ಇಳಿಯುತ್ತದೆ. ಕಾರ್ಮಿಕರಿಗೂ 78 ಲಕ್ಷದಷ್ಟು ಕಡಿಮೆಯಾಗುತ್ತದೆ. ಅದು ಸರಿಯಲ್ಲ, ಆ ಭಾಗವನ್ನು ಬ್ಯಾಂಕಿನ ಪಾಲಿನಿಂದಲೇ ತುಂಬಿಸುವ ವಾಕ್ಯವೂ ಜೊತೆಗಿರಬೇಕು. ಕಾರ್ಮಿಕರ ಭವಿಷ್ಯ ನಿಧಿ, ಗ್ರಾಚ್ಯುಟಿ ನಿಧಿಗಳನ್ನು ಸೆಕ್ಷನ್ 36 ಪಂಕ್ತಿಯಿಂದಲೇ ಹೊರಗಿಟ್ಟು ಕಾಪಾಡಿರುವಾಗ, ಇಂಥ ವಾಕ್ಯ ಬರೆಯಲು ಸಂಸತ್ತಿಗೆ ಬರುವುದಿಲ್ಲ ಎಂದು ನಾವು ನಂಬುವುದಿಲ್ಲ. ಮಂಡ್ಯ ಮತ್ತು ಮೈಸೂರಿನ ಸಂಸದರು ಈ ಎರಡು ವಾಕ್ಯಗಳ ತಿದ್ದುಪಡಿಯನ್ನು ಬರಹದಲ್ಲೇ ಸದನಕ್ಕೆ ಕೊಡಬೇಕೆಂದು ಕೇಳುತ್ತೇವೆ.

— ಕಬ್ಬು ಬೆಳೆಗಾರರಿಗೆ ಬಾಕಿ ಅರ್ಜಿ ಬರೆದುಕೊಡುವ ಗೆಳೆಯರು, ಮದ್ದೂರು, ಮಂಡ್ಯ ಜಿಲ್ಲೆ