ಬೈದ್ರೆ ಕಲೀತಾರೆ ಅನ್ನೋದು ಸುಳ್ಳು

ಸಂಪಾದಕರಿಗೆ ನಮಸ್ಕಾರ,

ನಾನು ಮೆಡಿಸಿನ್‌ನಲ್ಲಿ ಎಂಡಿ ಮುಗ್ಸಿ ಈಗ ತಾಲ್ಲೂಕು ಆಸ್ಪತ್ರೇಲಿ ಕೆಲಸ ಮಾಡ್ತಿದೀನಿ. ಪಿಜಿ ಮೊದಲ್ನೇ ವರ್ಷ ಒಂದ್ಸಲ ನೈಟ್ ಡ್ಯೂಟಿ ಮಾಡಿ ನಿದ್ದೆ ಇಲ್ದೆ ಹಾಗೇ ಬೆಳಿಗ್ಗೆ ರೌಂಡ್ಸ್‌ಗೆ ನಿಂತಿದ್ದೆ, ಶುಗರ್ ವಿಪರೀತ ಏರಿ ಕೀಟೋಅಸಿಡೋಸಿಸ್ (ರಕ್ತದಲ್ಲಿ ಆಮ್ಲ ಹೆಚ್ಚಾಗೋದು) ಆಗಿದ್ದ ಪೇಶೆಂಟು, ಪೊಟ್ಯಾಷಿಯಂ ಎಷ್ಟಿದ್ರೆ ಇನ್ಸುಲಿನ್ ತಡೀಬೇಕು ಅಂತ ಸರ್ ಕೇಳಿದ್ರು. ಹಿಂದಿನ ದಿನವಷ್ಟೇ ಓದಿದ್ದೆ, ಆದ್ರೆ ಅವ್ರ ಮುಖ ನೋಡಿದ್ ತಕ್ಷಣ ಬಾಯೇ ಬರ್ಲಿಲ್ಲ. ಕೇಸ್ ಶೀಟ್ ಎಸೆದ್ರು, ಪೇಶೆಂಟ್ ಕಡೆಯವ್ರ ಮುಂದೇನೇ "ನಿನ್ಗೆ ಯಾರಮ್ಮ ಸೀಟ್ ಕೊಟ್ಟಿದ್ದು" ಅಂದ್ರು.

ಅವತ್ತಿಂದ ಡೌಟ್ ಕೇಳೋದೇ ಬಿಟ್ಟೆ, ರೌಂಡ್ಸ್‌ನಲ್ಲಿ ಎಲ್ರ ಹಿಂದೆ ನಿಲ್ತಿದ್ದೆ. ಒಂದಿನ ರಾತ್ರಿ ಒಬ್ರು ಅಜ್ಜಿಗೆ ಉಸಿರಾಟ ಕೆಡ್ತಾ ಇದ್ರೂ ಸೀನಿಯರ್‌ಗೆ ಫೋನ್ ಮಾಡೋಕೆ ಹೆದರಿ ಒಂದು ಗಂಟೆ ಹಿಂದೆಮುಂದೆ ನೋಡಿದೀನಿ. ಅಜ್ಜಿ ಉಳ್ಕೊಂಡ್ರು. ಆ ಒಂದು ಗಂಟೆ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ತೊಳಸುತ್ತೆ. ಬಿಪಿ ನೋಡ್ದೆ 120/80 ಅಂತ ಬರೆಯೋ ಇಂಟರ್ನ್‌ಗಳನ್ನ ಸೋಮಾರಿಗಳು ಅಂತೀವಲ್ಲ, ಎಷ್ಟೋ ಸಲ "ನೋಡಿಲ್ಲ ಸರ್" ಅಂತ ಹೇಳೋಕೆ ಭಯ ಅವ್ರಿಗೆ.

ಭಯ ಆದಾಗ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನ್ ಏರುತ್ತೆ, ಓದಿದ್ದು ನೆನಪಿಗೆ ಬರೋದಕ್ಕೇ ಅಡ್ಡ ಆಗುತ್ತೆ, ಡಾಕ್ಟರ್‌ಗಳಿಗೇ ಇದನ್ನ ಹೇಳಬೇಕಾ? 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ಆನ್‌ಲೈನ್ ಸರ್ವೇ ಮಾಡಿದಾಗ ಉತ್ತರ ಕೊಟ್ಟ ಪಿಜಿಗಳಲ್ಲಿ ಶೇ 31ರಷ್ಟು ಜನ ಆತ್ಮಹತ್ಯೆ ಯೋಚನೆ ಬಂದಿತ್ತು ಅಂದಿದ್ರು. ವಾರಕ್ಕೆ 74 ಗಂಟೆ ಮೀರಿ ಡ್ಯೂಟಿ ಬೇಡ ಅಂತಾನೂ ಆ ವರದೀಲಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕಷ್ಟದಲ್ಲಿರೋರು ದಯವಿಟ್ಟು ಫೋನ್ ಮಾಡಿ, ಆದ್ರೆ ವಾರ್ಡ್‌ನಲ್ಲಿ ದಿನಾ ಆಗೋ ಅವಮಾನಾನ ಹೆಲ್ಪ್‌ಲೈನ್ ನಿಲ್ಸಲ್ಲ.

"ನಾವೂ ಬೈಸ್ಕೊಂಡೇ ಕಲಿತಿದ್ದು" ಅಂತ ದೊಡ್ಡೋರು ಹೇಳ್ತಾರೆ. ನಂಗೆ ಆ ಪೊಟ್ಯಾಷಿಯಂ ಪಾಠ ಕೂತಿದ್ದು ಸಂಜೆ ಕ್ಯಾಂಟೀನಲ್ಲಿ. ಸೀನಿಯರ್ ಅಕ್ಕ ಒಬ್ರು ಲ್ಯಾಬ್ ಚೀಟಿ ಹಿಂದೆ ಚಿತ್ರ ಬರೆದು, ಇನ್ಸುಲಿನ್ ಕೊಟ್ರೆ ಪೊಟ್ಯಾಷಿಯಂ ಜೀವಕೋಶದೊಳಗೆ ಹೋಗುತ್ತೆ, ರಕ್ತದಲ್ಲಿ ಇನ್ನೂ ಇಳಿಯುತ್ತೆ, ಹಾರ್ಟ್ ಬೀಟ್ ತಪ್ಪುತ್ತೆ, ಅದಕ್ಕೇ 3.3ಕ್ಕಿಂತ ಕಮ್ಮಿ ಇದ್ರೆ ಮೊದ್ಲು ಪೊಟ್ಯಾಷಿಯಂ ಅಂತ ಹೇಳ್ಕೊಟ್ರು. ಇವತ್ತಿಗೂ ಮರೆತಿಲ್ಲ.

ತಪ್ಪು ಮಾಡಿದ್ರೆ ತಿದ್ದಿ, ಪೇಶೆಂಟ್ ಜೀವದ ಪ್ರಶ್ನೆ ಅದು, ಗಟ್ಟಿಯಾಗೇ ಹೇಳಿ. ಆದ್ರೆ ಬೆಡ್ ಮುಂದೆ ಮಾನ ಕಳೀಬೇಡಿ, ಡ್ಯೂಟಿ ರೂಮಿಗೆ ಕರೆದು ಹೇಳಿ. ರಾತ್ರಿ 2 ಗಂಟೆಗೆ ಜೂನಿಯರ್ ಫೋನ್ ಮಾಡಿದ್ರೆ "ಇಷ್ಟಕ್ಕೆಲ್ಲ ಯಾಕ್ ಎಬ್ಬಿಸ್ತೀಯ" ಅನ್ಬೇಡಿ.

ಒಬ್ಬ ವೈದ್ಯೆ, ಹಾಸನ ಜಿಲ್ಲೆ