ಅಕ್ಕ, ನಿಮ್ಮ ಹೆಸರೇ ಕೇಳಲಿಲ್ಲ

ಪಶುವೈದ್ಯರ ಬಳಿ ಕಾಯುವಾಗ ನಮ್ಮ ಮುದಿ ನಾಯಿ ಟೈಲ್ಸ್ ಮೇಲೆ ಜಾರಿ, ಹಿಂಗಾಲು ಎರಡೂ ಅಗಲಿಸಿ ಕೂತುಬಿಟ್ಟ. ನಾನು ಗಾಬರಿಯಾದೆ. ನೀವು ಬಂದು ಪಕ್ಕದಲ್ಲಿ ಮಂಡಿಯೂರಿ ಅವನ ಪಾದ ಎತ್ತಿ ತೋರಿಸಿದಿರಿ. ನಾಯಿ ಹಿಡಿತಕ್ಕೆ ಉಗುರು ಊರುತ್ತದೆ, ಮಣ್ಣಲ್ಲಿ ಅದು ನಾಟುತ್ತದೆ, ನುಣುಪು ನೆಲದಲ್ಲಿ ಜಾರುತ್ತದೆ ಅಂದಿರಿ. ನನಗೆ ಇದು ಹೊಳೆದೇ ಇರಲಿಲ್ಲ. ಆಮೇಲೆ ನಿಮ್ಮ ಬ್ಯಾಗಿನಿಂದಲೇ ಪುಟ್ಟ ರಬ್ಬರ್ ಉಂಗುರಗಳನ್ನು ತೆಗೆದಿರಿ. ಉಗುರನ್ನು ಸ್ಪಿರಿಟ್‌ನಿಂದ ಒರೆಸಿ, ಆ ಒದ್ದೆಯಲ್ಲೇ ತಿರುಗಿಸುತ್ತಾ ಒಂದೊಂದಾಗಿ ಏರಿಸಿದಿರಿ. ಉಂಗುರ ನೆಲಕ್ಕೆ ತಾಗಬೇಕು, ಚರ್ಮಕ್ಕೆ ಒತ್ತಬಾರದು ಅಂತ ಎರಡು ಸಲ ಹೇಳಿದಿರಿ. ಬೆರಳ ಸಂದಿಯ ಕೂದಲನ್ನೂ ಕತ್ತರಿಸಿದ್ದೇನೆ ಅಕ್ಕ.

ನಿನ್ನೆ ಅವನು ತಾನೇ ಎದ್ದು ನೀರಿನ ಬಟ್ಟಲಿನ ತನಕ ನಡೆದ. ಸುಮ್ನೆ ನೋಡ್ತಾ ನಿಂತೆ, ಕಣ್ಣು ತುಂಬಿ ಬಂತು. ತುಂಬಾ ಥ್ಯಾಂಕ್ಸ್.